ಕೀಲಿಕೈ ಕೊಡದೆ ಬಾಗಿಲು ತೆರೆದ ಕಥೆ

ಮನೆಯ ಕೀಲಿಕೈಯನ್ನು ಸಿಕ್ಕಸಿಕ್ಕವರ ಕೈಗೆ ಕೊಡಬಾರದೆಂಬುದು ಯಾರಿಗೂ ಹೇಳಿಕೊಡಬೇಕಿಲ್ಲದ ಬುದ್ಧಿಮಾತು. ಹಾಲು ತರುವವನಿಗೆ ಬಾಗಿಲಲ್ಲಿ ಪಾತ್ರೆ ಇಟ್ಟರೆ ಸಾಕು. ಮೀಟರ್ ನೋಡಲು ಬಂದವನನ್ನು ಪಡಸಾಲೆಯವರೆಗೆ ಬಿಟ್ಟರೆ ಸಾಕು. ಬೀರುವಿನ ಕೀಲಿ ಇಬ್ಬರಿಗೂ ಬೇಕಿಲ್ಲ. ಆದರೆ ಈ ಶತಮಾನದ ಮೊದಲ ದಶಕದಲ್ಲಿ ಅಂತರ್ಜಾಲ ಬಳಸುತ್ತಿದ್ದವರು ಇದಕ್ಕೆ ತದ್ವಿರುದ್ಧವಾಗಿ ನಡೆದುಕೊಳ್ಳುತ್ತಿದ್ದರು. ಒಂದು ಸಣ್ಣ ಸೌಕರ್ಯಕ್ಕಾಗಿ, ಮುಖಪರಿಚಯವೂ ಇಲ್ಲದ ಯಾರೋ ಬರೆದ ಪ್ರೋಗ್ರಾಮಿಗೆ ತಮ್ಮ ಖಾತೆಯ ಹೆಸರು, ಪಾಸ್‌ವರ್ಡ್ ಎರಡನ್ನೂ ಒಪ್ಪಿಸಿಬಿಡುತ್ತಿದ್ದರು. ಅವರನ್ನು ದೂರುವಂತೆಯೂ ಇರಲಿಲ್ಲ. ಬಹಳಷ್ಟು ಕಡೆ ಬೇರೆ ದಾರಿಯನ್ನು ಯಾರೂ ಮಾಡಿಕೊಟ್ಟಿರಲಿಲ್ಲ.

ಆ ದಾರಿಯನ್ನು ಕಡಿದದ್ದು, ಅದನ್ನು ಪರೀಕ್ಷೆಗೆ ಒಡ್ಡಿದ್ದು, ಪರೀಕ್ಷೆಯ ನಡುವೆಯೇ ಅದರಲ್ಲೊಂದು ಬಿರುಕು ಕಾಣಿಸಿಕೊಂಡದ್ದು, ಆ ಬಿರುಕನ್ನು ಬೆಸೆದದ್ದು, ಇವೆಲ್ಲ ನಡೆದದ್ದು 2006ರಿಂದ 2010ರವರೆಗಿನ ನಾಲ್ಕೇ ವರ್ಷಗಳಲ್ಲಿ. ಟ್ವಿಟರ್ ಕಂಪೆನಿ 2009ರಲ್ಲಿ ಪ್ರೋಗ್ರಾಮರುಗಳಿಗಾಗಿ ನಡೆಸಿದ ‘ಬೀಟಾ’ ಪರೀಕ್ಷೆ ಈ ಕಥೆಯ ನಡುಗಂಬ. ಇಂದು ಮೊಬೈಲ್ ಪರದೆಯ ಮೇಲೆ ‘ಅನುಮತಿ ನೀಡಿ’ ಎಂಬ ಗುಂಡಿಯನ್ನು ಯೋಚಿಸದೆ ಒತ್ತುವ ಕೋಟ್ಯಂತರ ಜನ ಆ ಪರೀಕ್ಷೆಯ ವಾರಸುದಾರರೇ.

ಗುಟ್ಟಿನ ಪದ

ಕಂಪ್ಯೂಟರಿಗೆ ಪಾಸ್‌ವರ್ಡ್ ಬಂದದ್ದು 1960ರ ದಶಕದ ಆರಂಭದಲ್ಲಿ. ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ (ಎಂಐಟಿ) ಫರ್ನಾಂಡೊ ಕೊರ್ಬಾಟೊ ಮತ್ತು ಅವರ ಸಂಗಡಿಗರು ಒಂದೇ ಕಂಪ್ಯೂಟರನ್ನು ಹಲವರು ಏಕಕಾಲಕ್ಕೆ ಬಳಸುವ ‘ಕಾಲ ಹಂಚಿಕೆ’ ಪದ್ಧತಿಯನ್ನು ರೂಪಿಸಿದರು. 1961ರ ನವೆಂಬರಿನಲ್ಲಿ ಅದರ ಮೊದಲ ಪ್ರದರ್ಶನ ನಡೆಯಿತು. ಯಂತ್ರ ಒಂದು, ಬಳಸುವವರು ಹಲವರು. ಒಬ್ಬರ ಕಡತವನ್ನು ಇನ್ನೊಬ್ಬರು ಕೆದಕಬಾರದು, ಒಬ್ಬರ ಪಾಲಿನ ಸಮಯವನ್ನು ಇನ್ನೊಬ್ಬರು ಕಬಳಿಸಬಾರದು. ಅದಕ್ಕಾಗಿ ಪ್ರತಿಯೊಬ್ಬರಿಗೂ ಒಂದು ಗುಟ್ಟಿನ ಪದ.

ಗುಟ್ಟು ಬಹಳ ಕಾಲ ಗುಟ್ಟಾಗಿ ಉಳಿಯಲಿಲ್ಲ. 1962ರಲ್ಲಿ ಅದೇ ಸಂಸ್ಥೆಯ ಸಂಶೋಧನ ವಿದ್ಯಾರ್ಥಿ ಅಲನ್ ಶೆರ್ ಅವರಿಗೆ ತಮ್ಮ ಪಾಲಿನ ಸಮಯ ಸಾಲದಾಯಿತು. ಪಾಸ್‌ವರ್ಡುಗಳ ಪಟ್ಟಿಯಿದ್ದ ಕಡತವನ್ನು ಮುದ್ರಿಸಿಕೊಡಬೇಕೆಂದು ಅವರು ಪಂಚ್ ಕಾರ್ಡಿನ ಮೂಲಕ ಯಂತ್ರಕ್ಕೇ ಕೋರಿಕೆ ಸಲ್ಲಿಸಿದರು. ಯಂತ್ರ ನಿಷ್ಠೆಯಿಂದ ಮುದ್ರಿಸಿಕೊಟ್ಟಿತು! ಶೆರ್ ಈ ಸಂಗತಿಯನ್ನು ಬಹಿರಂಗವಾಗಿ ಒಪ್ಪಿಕೊಂಡದ್ದು ಸುಮಾರು ಕಾಲು ಶತಮಾನದ ಬಳಿಕ. ಅದೇ ದಶಕದ ನಡುವಿನಲ್ಲಿ ಇನ್ನೊಂದು ಅವಘಡ ನಡೆಯಿತು. ಇಬ್ಬರು ನಿರ್ವಾಹಕರು ಒಂದೇ ಹೊತ್ತಿಗೆ ಎರಡು ಕಡತಗಳನ್ನು ತಿದ್ದುತ್ತಿದ್ದಾಗ ಅವು ಅದಲುಬದಲಾದವು. ಯಂತ್ರಕ್ಕೆ ಲಾಗಿನ್ ಆದವರಿಗೆಲ್ಲ ಸ್ವಾಗತ ಸಂದೇಶದ ಬದಲು ಎಲ್ಲರ ಪಾಸ್‌ವರ್ಡುಗಳ ಪಟ್ಟಿಯೇ ದರ್ಶನ ಕೊಟ್ಟಿತು.

ಮುಂದೆ ಪಾಸ್‌ವರ್ಡನ್ನು ಹಾಗೆಯೇ ಬರೆದಿಡದೆ, ಹಿಂದಿರುಗಿ ಬಿಡಿಸಲಾಗದಂತೆ ಗಣಿತದ ಸೂತ್ರದಿಂದ ಪುಡಿಮಾಡಿ ಇಡುವ ಕ್ರಮ ಬಂತು. ಆದರೂ ಮನುಷ್ಯ ಸ್ವಭಾವ ಬದಲಾಗಲಿಲ್ಲ. ಬೆಲ್ ಪ್ರಯೋಗಾಲಯದ ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ 1979ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ 3,289 ಪಾಸ್‌ವರ್ಡುಗಳ ಲೆಕ್ಕ ಕೊಟ್ಟರು. ಅವುಗಳಲ್ಲಿ 2,831, ಅಂದರೆ ನೂರಕ್ಕೆ 86ರಷ್ಟು, ತೀರಾ ಚಿಕ್ಕವು ಅಥವಾ ನಿಘಂಟಿನಲ್ಲಿ ಸಿಗುವಂಥವು. ಹದಿನೈದು ಮಂದಿಯಂತೂ ಒಂದೇ ಒಂದು ಅಕ್ಷರವನ್ನು ಪಾಸ್‌ವರ್ಡ್ ಮಾಡಿಕೊಂಡಿದ್ದರು.

ಇವೆಲ್ಲ ಪಾಸ್‌ವರ್ಡನ್ನು ಕಾಯುವಲ್ಲಿ ಆದ ಲೋಪಗಳು. ಅದರ ಹುಟ್ಟಿನಲ್ಲೇ ಇದ್ದ ಕೊರತೆ ಬೇರೆಯದು. ‘ನೀನು ಯಾರು?’ ಎಂಬ ಪ್ರಶ್ನೆಗೆ ಪಾಸ್‌ವರ್ಡ್ ಉತ್ತರ ಹೇಳುತ್ತದೆ. ‘ನೀನು ಏನೇನು ಮಾಡಬಹುದು, ಎಷ್ಟು ದಿನ ಮಾಡಬಹುದು?’ ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ. ಗುರುತು ಒಂದು, ಅಧಿಕಾರ ಇನ್ನೊಂದು. ಯಜಮಾನ ತಾನೇ ಬಂದು ಬಾಗಿಲು ತೆರೆಯುವವರೆಗೆ ಇವೆರಡರ ನಡುವಿನ ಅಂತರ ಕಾಣುವುದಿಲ್ಲ. ಯಜಮಾನನ ಪರವಾಗಿ ಇನ್ನೊಬ್ಬ ಬಂದು ನಿಂತಾಗಲೇ ತೊಡಕು ಶುರುವಾಗುವುದು.

ಪರವಾಗಿ ಬಂದವರು

2006ರಲ್ಲಿ ಆರಂಭವಾದ ಟ್ವಿಟರ್ (2023ರಿಂದ ಇದರ ಹೆಸರು ‘ಎಕ್ಸ್’) ಚುಟುಕು ಸಂದೇಶಗಳನ್ನು ಹಂಚಿಕೊಳ್ಳುವ ತಾಣ. ಅದೇ ವರ್ಷ ಆ ಕಂಪೆನಿ ಹೊರಗಿನ ಪ್ರೋಗ್ರಾಮರುಗಳಿಗೆ ತನ್ನ ‘ಎಪಿಐ’ಯನ್ನು ತೆರೆದಿಟ್ಟಿತು. ಎಪಿಐ ಎಂದರೆ ಮನುಷ್ಯರು ನೋಡುವ ಪುಟಗಳಲ್ಲ, ಪ್ರೋಗ್ರಾಮುಗಳು ಒಂದರೊಡನೊಂದು ವ್ಯವಹರಿಸಲು ಇಟ್ಟ ಹಿಂಬಾಗಿಲು ಎನ್ನಬಹುದು. ಈ ಬಾಗಿಲಿನ ಮೂಲಕ ಹೊರಗಿನವರು ನೂರಾರು ಬಗೆಯ ಸೌಕರ್ಯಗಳನ್ನು ಕಟ್ಟಿದರು. ಒಂದು ಪ್ರೋಗ್ರಾಂ ಮೊಬೈಲಿನಿಂದ ಸಂದೇಶ ಕಳಿಸಿದರೆ, ಇನ್ನೊಂದು ಚಿತ್ರ ಸೇರಿಸುತ್ತಿತ್ತು. ಮತ್ತೊಂದು ಯಾರು ಯಾರನ್ನು ಹಿಂಬಾಲಿಸುತ್ತಾರೆಂದು ಎಣಿಸಿ ಹೇಳುತ್ತಿತ್ತು.

ಈ ಪ್ರೋಗ್ರಾಮುಗಳು ಕೆಲಸ ಮಾಡಬೇಕಾದರೆ ಬಳಕೆದಾರನ ಪರವಾಗಿ ಟ್ವಿಟರಿನ ಬಾಗಿಲು ತಟ್ಟಬೇಕು. ತಟ್ಟಿದಾಗಲೆಲ್ಲ ಅವನ ಹೆಸರು ಮತ್ತು ಪಾಸ್‌ವರ್ಡನ್ನು ಹೇಳಬೇಕು. ‘ಬೇಸಿಕ್ ಆಥೆಂಟಿಕೇಶನ್’ ಎಂದು ಈ ಕ್ರಮದ ಹೆಸರು. ಪ್ರತಿ ಸಲವೂ ಹೇಳಬೇಕಾದ್ದರಿಂದ ಪ್ರೋಗ್ರಾಂ ಬರೆದವನು ಆ ಪಾಸ್‌ವರ್ಡನ್ನು ಓದಲು ಬರುವ ರೂಪದಲ್ಲೇ ತನ್ನಲ್ಲಿ ಇಟ್ಟುಕೊಳ್ಳಬೇಕಿತ್ತು, ಪುಡಿಮಾಡಿ ಇಡುವಂತಿರಲಿಲ್ಲ. ಅವನು ಸಜ್ಜನನಾಗಿರಬಹುದು. ಅವನ ಯಂತ್ರಕ್ಕೆ ಕನ್ನ ಹಾಕುವವನು ಸಜ್ಜನನಾಗಿರಬೇಕಲ್ಲ! ಮೇಲಾಗಿ ಒಮ್ಮೆ ಕೊಟ್ಟ ಪಾಸ್‌ವರ್ಡನ್ನು ಹಿಂದಕ್ಕೆ ಪಡೆಯುವ ಬಗೆಯೇ ಇಲ್ಲ. ಬದಲಾಯಿಸಿದರೆ ನಂಬಿಕಸ್ಥ ಪ್ರೋಗ್ರಾಮುಗಳೂ ಸೇರಿ ಎಲ್ಲವೂ ಒಮ್ಮೆಗೇ ನಿಲ್ಲುತ್ತವೆ.

ಟ್ವಿಟರ್ ಒಂದರ ಮಾತಲ್ಲ ಇದು. ಆ ಕಾಲದ ಎಷ್ಟೋ ಸಾಮಾಜಿಕ ತಾಣಗಳು ‘ನಿಮ್ಮ ಗೆಳೆಯರನ್ನು ಹುಡುಕಿಕೊಡುತ್ತೇವೆ’ ಎಂದು ಇ-ಮೇಲ್ ಪಾಸ್‌ವರ್ಡನ್ನೇ ಕೇಳುತ್ತಿದ್ದವು. ವಿಳಾಸ ಪುಸ್ತಕವನ್ನು ನೋಡುವುದಕ್ಕೆ ಇಡೀ ಅಂಚೆಪೆಟ್ಟಿಗೆಯ ಕೀಲಿ ಕೊಟ್ಟಂತಾಯಿತು. ಅದಕ್ಕಿಂತ ದೊಡ್ಡ ಹಾನಿ, ಕೇಳಿದವರಿಗೆಲ್ಲ ಪಾಸ್‌ವರ್ಡ್ ಕೊಡುವುದು ಸಹಜವೆಂಬ ಭಾವನೆ ಜನರಲ್ಲಿ ಬೇರೂರಿದ್ದು. ವಂಚಕರಿಗೆ ಇದಕ್ಕಿಂತ ಹದವಾದ ಹೊಲ ಇನ್ನೆಲ್ಲಿ ಸಿಕ್ಕೀತು?

ಫಲ 2009ರ ಹೊಸ ವರ್ಷದ ಹೊತ್ತಿಗೆ ಕಾಣಿಸಿಕೊಂಡಿತು. ‘ಟ್ವಿಪ್ಲೈ’ ಎಂಬ ಸೌಕರ್ಯವೊಂದು ಆರಂಭವಾಗಿ, ನೂರಾರು ಜನರ ಪಾಸ್‌ವರ್ಡ್ ಪಡೆದು, ತಕ್ಷಣವೇ ಹರಾಜಿಗೆ ಬಂತು. ಸುಮಾರು 1,200 ಡಾಲರಿಗೆ ಮಾರಾಟವೂ ಆಯಿತು. ಪಾಸ್‌ವರ್ಡ್ ಕೊಟ್ಟವರಿಗೆ ಕೊಂಡವರು ಯಾರೆಂಬುದೇ ತಿಳಿದಿರಲಿಲ್ಲ. ಅದೇ ಜನವರಿಯ ಮೊದಲ ವಾರಾಂತ್ಯದಲ್ಲಿ ಟ್ವಿಟರಿನಂತೆಯೇ ಕಾಣುವ ನಕಲಿ ಪುಟವೊಂದು ಪಾಸ್‌ವರ್ಡುಗಳಿಗೆ ಗಾಳ ಹಾಕಿತು. ಅದರ ಬೆನ್ನಿಗೇ ಇನ್ನೊಂದು ಆಘಾತ. ಕಂಪೆನಿಯ ನಿರ್ವಾಹಕ ಪಾಸ್‌ವರ್ಡೊಂದನ್ನು ಯಾರೋ ಊಹಿಸಿ ಒಳನುಗ್ಗಿ, ಆಗಷ್ಟೇ ಅಧ್ಯಕ್ಷರಾಗಿ ಆಯ್ಕೆಯಾಗಿದ್ದ ಬರಾಕ್ ಒಬಾಮಾ ಅವರ ಖಾತೆಯಿಂದಲೂ ಸಂದೇಶ ಹೊರಡಿಸಿದರು. ಆ ಪಾಸ್‌ವರ್ಡ್ ನಿಘಂಟಿನಲ್ಲಿರುವ ಒಂದು ಸಾಧಾರಣ ಪದವಾಗಿತ್ತೆಂದು ಅಮೆರಿಕದ ವಾಣಿಜ್ಯ ಆಯೋಗ ಮುಂದೆ ತನ್ನ ದೂರಿನಲ್ಲಿ ದಾಖಲಿಸಿತು. ಮೂವತ್ತು ವರ್ಷಗಳ ಹಿಂದೆ ಮಾರಿಸ್ ಮತ್ತು ಥಾಂಪ್ಸನ್ ಎಚ್ಚರಿಸಿದ್ದು ಇದನ್ನೇ.

ಈ ಮೂರು ಘಟನೆಗಳ ಕಾರಣ ಒಂದೇ ಅಲ್ಲ. ನಿರ್ವಾಹಕರ ಪಾಸ್‌ವರ್ಡ್ ಸಡಿಲವಾಗಿದ್ದರೆ ಬಳಕೆದಾರರಿಗೆ ಎಂಥ ಹೊಸ ಬಾಗಿಲು ಇಟ್ಟೂ ಪ್ರಯೋಜನವಿಲ್ಲ. ಆದರೆ ಸಾರ್ವಜನಿಕರ ಕಣ್ಣಿಗೆ ಮೂರೂ ಒಂದಾಗಿ ಕಂಡವು. ಪಾಸ್‌ವರ್ಡ್ ಹಂಚಿಕೊಳ್ಳುವ ಪದ್ಧತಿ ಕೊನೆಗಾಣಬೇಕೆಂಬ ಒತ್ತಾಯ ಜೋರಾಯಿತು.

ಹಿತ್ತಾಳೆಯ ಟೋಕನ್

ಪರ್ಯಾಯದ ಹುಡುಕಾಟ ಮೊದಲೇ ನಡೆದಿತ್ತು. 2006ರ ಕೊನೆಯಲ್ಲಿ ಟ್ವಿಟರಿನ ಪ್ರಧಾನ ತಂತ್ರಜ್ಞರಲ್ಲೊಬ್ಬರಾಗಿದ್ದ ಬ್ಲೇನ್ ಕುಕ್, ‘ಓಪನ್‌ಐಡಿ’ ಎಂಬ ಗುರುತಿನ ವ್ಯವಸ್ಥೆಯನ್ನು ತಮ್ಮ ತಾಣಕ್ಕೆ ಅಳವಡಿಸುತ್ತಿದ್ದರು. ‘ಮಗ್ನೋಲಿಯಾ’ ಎಂಬ ಇನ್ನೊಂದು ತಾಣಕ್ಕೂ ಅಂಥದೇ ತೊಡಕು ಎದುರಾಗಿತ್ತು. ಅದರ ಲ್ಯಾರಿ ಹಾಫ್, ಜೊತೆಗೆ ಕ್ರಿಸ್ ಮೆಸಿನಾ, ಡೇವಿಡ್ ರೆಕಾರ್ಡನ್ ಸೇರಿ ಚರ್ಚಿಸಿದಾಗ ಹೊರಬಿದ್ದ ಸತ್ಯ ಇಷ್ಟೇ: ಗುರುತು ಹೇಳಲು ಮುಕ್ತ ಪದ್ಧತಿ ಇದೆ, ಅಧಿಕಾರ ವಹಿಸಿಕೊಡಲು ಮುಕ್ತ ಪದ್ಧತಿ ಇಲ್ಲ. ಗೂಗಲ್, ಯಾಹೂ, ಫ್ಲಿಕರ್‌ಗಳು ತಮ್ಮತಮ್ಮದೇ ವಿಧಾನಗಳನ್ನು ಮಾಡಿಕೊಂಡಿದ್ದವು. ಆದರೆ ಒಬ್ಬರ ವಿಧಾನ ಇನ್ನೊಬ್ಬರಿಗೆ ಹೊಂದುತ್ತಿರಲಿಲ್ಲ. 2007ರಲ್ಲಿ ಸಣ್ಣ ಗುಂಪೊಂದು ಕರಡು ಬರೆಯಲು ಕುಳಿತಿತು. ಎರಾನ್ ಹ್ಯಾಮರ್ ಅದರ ಸಂಯೋಜಕರಾದರು. ಅದೇ ಡಿಸೆಂಬರಿನಲ್ಲಿ ‘ಓಆತ್ 1.0’ ಎಂಬ ನಿಯಮಾವಳಿ ಸಿದ್ಧವಾಯಿತು.

ಅದರ ತಿರುಳನ್ನು ತಿಳಿಯಲು ಕಂಪ್ಯೂಟರಿನ ಜ್ಞಾನ ಬೇಕಿಲ್ಲ. ಹಿಂದೆ ಬ್ಯಾಂಕಿನಲ್ಲಿ ಚೆಕ್ ಕೊಟ್ಟರೆ ಗುಮಾಸ್ತರು ಹಿತ್ತಾಳೆಯ ಟೋಕನ್ ಒಂದನ್ನು ಕೊಡುತ್ತಿದ್ದರು. ನಗದು ಕಟ್ಟೆಯಲ್ಲಿ ಆ ಸಂಖ್ಯೆಯನ್ನು ಕೂಗಿದಾಗ ಟೋಕನ್ ತೋರಿಸಿದವನಿಗೆ ಹಣ. ಆ ಟೋಕನ್ನಿಗೆ ಆ ಹೊತ್ತಿನ ಆ ಮೊತ್ತಕ್ಕಷ್ಟೇ ಬೆಲೆ. ಅದನ್ನು ಹಿಡಿದು ಲಾಕರ್ ತೆರೆಯಲಾಗದು. ಓಆತ್ ಮಾಡಿದ್ದು ಇಂಥದೇ ವ್ಯವಸ್ಥೆಯನ್ನು. ಹೊರಗಿನ ಪ್ರೋಗ್ರಾಂ ಮೊದಲು ಟ್ವಿಟರಿನಿಂದ ಒಂದು ಕೋರಿಕೆಯ ಟೋಕನ್ ಪಡೆಯುತ್ತದೆ. ಬಳಿಕ ಬಳಕೆದಾರನನ್ನು ಟ್ವಿಟರಿನ ಪುಟಕ್ಕೇ ಕಳಿಸುತ್ತದೆ. ಅಲ್ಲಿ ಅವನು ತನ್ನ ಪಾಸ್‌ವರ್ಡನ್ನು ಟ್ವಿಟರಿಗಷ್ಟೇ ಹೇಳಿ, ‘ಈ ಪ್ರೋಗ್ರಾಂ ನನ್ನ ಪರವಾಗಿ ಕೆಲಸ ಮಾಡಬಹುದು’ ಎಂದು ಒಪ್ಪಿಗೆ ಕೊಡುತ್ತಾನೆ. ಆಗ ಕೋರಿಕೆಯ ಟೋಕನ್ನಿಗೆ ಬದಲಾಗಿ ಪ್ರೋಗ್ರಾಮಿಗೆ ಪ್ರವೇಶದ ಟೋಕನ್ ಸಿಗುತ್ತದೆ. ಪಾಸ್‌ವರ್ಡ್ ಹೊರಗಿನವನ ಕಣ್ಣಿಗೇ ಬೀಳುವುದಿಲ್ಲ. ಬೇಡವೆನಿಸಿದರೆ ಆ ಒಂದು ಟೋಕನ್ನನ್ನು ರದ್ದುಮಾಡಿದರಾಯಿತು, ಉಳಿದವುಗಳಿಗೆ ಧಕ್ಕೆಯಿಲ್ಲ.

ಬೀಟಾ ಎಂಬ ಒರೆಗಲ್ಲು

ಕಾಗದದ ಮೇಲೆ ಇದು ಸೊಗಸು. ಸಾವಿರಾರು ಪ್ರೋಗ್ರಾಮುಗಳು ಆಗಲೇ ಹಳೆಯ ಬಾಗಿಲಿನಲ್ಲಿ ಓಡಾಡುತ್ತಿರುವಾಗ ಹೊಸದನ್ನು ತೆರೆಯುವುದು ಹೇಗೆ? ಉತ್ತರ ಬೀಟಾ ಪರೀಕ್ಷೆ. ತಂತ್ರಾಂಶದ ಉದ್ಯಮದಲ್ಲಿ ಗ್ರೀಕ್ ವರ್ಣಮಾಲೆಯ ಮೊದಲೆರಡು ಅಕ್ಷರಗಳಿಗೆ ವಿಶೇಷ ಅರ್ಥವಿದೆ. ತಯಾರಿಸಿದವರೇ ಮನೆಯೊಳಗೆ ನಡೆಸುವ ಪರೀಕ್ಷೆ ‘ಆಲ್ಫಾ’. ಹೊರಗಿನವರ ಕೈಗೆ ಕೊಟ್ಟು ನೋಡುವುದು ‘ಬೀಟಾ’. ಅಡುಗೆಯವನು ತಾನೇ ರುಚಿ ನೋಡುವುದು ಒಂದು, ಪಂಕ್ತಿಗೆ ಬಡಿಸುವ ಮುನ್ನ ನಾಲ್ಕು ಮಂದಿಗೆ ಹಾಕಿ ನೋಡುವುದು ಇನ್ನೊಂದು. ‘ಇನ್ನೂ ಪೂರ್ಣವಾಗಿಲ್ಲ, ತಪ್ಪಿದ್ದರೆ ಹೇಳಿ’ ಎಂಬ ವಿನಯವೂ, ‘ಕೆಟ್ಟರೆ ನಮ್ಮನ್ನು ದೂರಬೇಡಿ’ ಎಂಬ ಜಾಣತನವೂ ಈ ಪದದಲ್ಲಿ ಬೆರೆತಿವೆ. ಗೂಗಲ್ಲಿನ ಜಿಮೇಲ್ 2004ರಲ್ಲಿ ಅಂಟಿಸಿಕೊಂಡ ಬೀಟಾ ಚೀಟಿಯನ್ನು ಕಿತ್ತದ್ದು 2009ರಲ್ಲಿ!

ಟ್ವಿಟರ್ 2009ರ ಆರಂಭದಲ್ಲಿ ಮೊದಲು ಆಯ್ದ ಕೆಲವರಿಗೆ, ಮಾರ್ಚಿಯಲ್ಲಿ ಎಲ್ಲ ಪ್ರೋಗ್ರಾಮರುಗಳಿಗೂ ಓಆತ್ ಬಾಗಿಲನ್ನು ಪರೀಕ್ಷೆಗೆಂದು ತೆರೆಯಿತು. ಹಳೆಯ ಬಾಗಿಲನ್ನು ಮುಚ್ಚಲಿಲ್ಲ. ಇದು ಮುಖ್ಯ. ಬಾವಿ ತೋಡುತ್ತಿರುವಾಗ ಹಳೆಯ ಕೆರೆಯ ನೀರನ್ನು ನಿಲ್ಲಿಸಬಾರದಲ್ಲವೇ?

ಪರೀಕ್ಷೆಗೆ ಬಂದವರಿಗೆ ಕಷ್ಟಗಳು ಎದುರಾದವು. ಹಳೆಯ ಪದ್ಧತಿಯಲ್ಲಿ ಒಂದು ಸಾಲಿನಲ್ಲಿ ಮುಗಿಯುತ್ತಿದ್ದ ಕೆಲಸಕ್ಕೆ ಈಗ ಪ್ರತಿ ಕೋರಿಕೆಗೂ ಗಣಿತದ ಸಹಿ ಬೇಕು. ಕೋರಿಕೆಯ ಎಲ್ಲ ಅಂಶಗಳನ್ನೂ ನಿಗದಿತ ಕ್ರಮದಲ್ಲಿ ಜೋಡಿಸಿ ಆ ಸಹಿಯನ್ನು ಲೆಕ್ಕ ಹಾಕಬೇಕು. ಪದಗಳ ನಡುವಿನ ಖಾಲಿ ಜಾಗವನ್ನು ಬೇರೆ ಚಿಹ್ನೆಯಿಂದ ಸೂಚಿಸಿದರೂ ಸಹಿ ತಾಳೆಯಾಗದು. ಕಂಪ್ಯೂಟರಿನ ಗಡಿಯಾರ ತೀರಾ ಹಿಂದೆಮುಂದೆ ಇದ್ದರೂ ಬಾಗಿಲು ತೆರೆಯದು. ಟ್ವಿಟರ್ ಕೊಡುತ್ತಿದ್ದ ಉತ್ತರವಾದರೋ ‘ಅನುಮತಿ ಇಲ್ಲ’ ಎಂದಷ್ಟೇ. ಎಲ್ಲಿ ತಪ್ಪಾಯಿತೆಂದು ಹುಡುಕುವುದು ಬರೆದವನ ಪಾಡು.

ಇನ್ನೊಂದು ಸಂಕಟ ವ್ಯಾವಹಾರಿಕವಾದದ್ದು. ಮೇಜಿನ ಕಂಪ್ಯೂಟರಿನಲ್ಲೋ ಮೊಬೈಲಿನಲ್ಲೋ ನಡೆಯುವ ಪ್ರೋಗ್ರಾಂ ಬಳಕೆದಾರನನ್ನು ನಡುವೆಯೇ ಬ್ರೌಸರಿಗೆ ಕಳಿಸಿ ಮತ್ತೆ ಕರೆತರಬೇಕು. ದಾರಿಯಲ್ಲಿ ಕೆಲವರು ಗೊಂದಲಗೊಂಡು ಕೈಬಿಡುತ್ತಾರೆ. ಪಾಸ್‌ವರ್ಡ್ ಕೇಳುವ ಎದುರಾಳಿಯ ಪ್ರೋಗ್ರಾಂ ಅವರಿಗೆ ಸರಳವಾಗಿ ಕಾಣುತ್ತದೆ. ಹೀಗೆ ಸುರಕ್ಷಿತ ದಾರಿ ಹಿಡಿದವನಿಗೇ ಗಿರಾಕಿ ತಪ್ಪುವ ಭಯ. ಒಳ್ಳೆಯ ಪದ್ಧತಿ ಇದ್ದರೆ ಸಾಲದು, ಅದನ್ನು ಪಾಲಿಸಿದವನಿಗೆ ನಷ್ಟವಾಗದಂತೆಯೂ ನೋಡಿಕೊಳ್ಳಬೇಕೆಂಬುದು ಪರೀಕ್ಷೆಯ ಮೊದಲ ಪಾಠ.

ಏಪ್ರಿಲಿನ ಬಿರುಕು

ಎರಡನೆಯ ಪಾಠ ಬಂದದ್ದು ಎಲ್ಲರಿಗೂ ಬೀಟಾ ತೆರೆದು ಹೆಚ್ಚುಕಡಿಮೆ ಒಂದೇ ತಿಂಗಳಲ್ಲಿ. 2009ರ ಏಪ್ರಿಲ್ ಮೂರನೆಯ ವಾರ ಕಳೆಯುತ್ತಿದ್ದಂತೆ ಟ್ವಿಟರ್ ತನ್ನ ಹೊಸ ಬಾಗಿಲನ್ನು ದಿಢೀರನೆ ಮುಚ್ಚಿತು. ಯಾಹೂ ಕೂಡ ತನ್ನಲ್ಲಿದ್ದ ಓಆತ್ ವ್ಯವಸ್ಥೆಯನ್ನು ತಾತ್ಕಾಲಿಕವಾಗಿ ನಿಲ್ಲಿಸಿತು. ಏಪ್ರಿಲ್ 23ರಂದು ಓಆತ್ ಗುಂಪು ಹೊರಡಿಸಿದ ಎಚ್ಚರಿಕೆಯಿಂದ ಕಾರಣ ಬಯಲಾಯಿತು. ದೋಷವಿದ್ದದ್ದು ಯಾವುದೇ ಕಂಪೆನಿಯ ಪ್ರೋಗ್ರಾಮಿನಲ್ಲಿ ಅಲ್ಲ, ನಿಯಮಾವಳಿಯಲ್ಲೇ. ಹದಿನಾರು ತಿಂಗಳಿನಿಂದ ಎಲ್ಲರೂ ಓದಬಹುದಾಗಿದ್ದ ನಿಯಮಾವಳಿಯಲ್ಲಿ!

ಬ್ಯಾಂಕಿನ ಹೋಲಿಕೆಯನ್ನೇ ಮುಂದುವರಿಸಿದರೆ ದೋಷ ಸ್ಪಷ್ಟವಾಗುತ್ತದೆ. ವಂಚಕನೊಬ್ಬ ಕೋರಿಕೆಯ ಟೋಕನ್ ಪಡೆದು ಜೇಬಿಗಿಳಿಸುತ್ತಾನೆ. ಆ ಟೋಕನ್ನಿಗೆ ಸೇರಿದ ಒಪ್ಪಿಗೆ ಪತ್ರವನ್ನು ಏನೋ ನೆವ ಹೇಳಿ ಅಮಾಯಕನಿಗೆ ಕಳಿಸುತ್ತಾನೆ. ಅಮಾಯಕ ನಿಜವಾದ ಬ್ಯಾಂಕಿಗೇ ಹೋಗಿ, ನಿಜವಾದ ಗುಮಾಸ್ತರ ಮುಂದೆ, ಕಾಗದದಲ್ಲಿರುವ ಪರಿಚಿತ ಹೆಸರನ್ನು ನೋಡಿ ಸಹಿ ಹಾಕುತ್ತಾನೆ. ಎಲ್ಲವೂ ಸಾಚಾ, ನಕಲಿ ಪುಟ ಯಾವುದೂ ಇಲ್ಲ. ಆದರೆ ಟೋಕನ್ ವಂಚಕನ ಜೇಬಿನಲ್ಲಿದೆ. ಸಂಖ್ಯೆ ಕೂಗಿದಾಗ ಎದ್ದು ಹೋಗುವವನು ಅವನೇ. ಅಂತರ್ಜಾಲದಲ್ಲಿ ಇದರ ಅರ್ಥ, ವಂಚಕ ತನ್ನ ಹೆಸರಿನಲ್ಲಿ ಆರಂಭಿಸಿದ ವ್ಯವಹಾರಕ್ಕೆ ಇನ್ನೊಬ್ಬರ ಖಾತೆ ಅಂಟಿಕೊಳ್ಳುವುದು. ಅರ್ಜಿ ಹಾಕಿದವನು ಮತ್ತು ಒಪ್ಪಿಗೆ ಕೊಟ್ಟವನು ಒಬ್ಬನೇ ಎಂದು ನಿಯಮಾವಳಿ ನಂಬಿಕೊಂಡಿತ್ತು. ಅದನ್ನು ತಾಳೆ ನೋಡಿರಲಿಲ್ಲ.

ಪರಿಹಾರ ಸರಳವಾಗಿತ್ತು. ಜೂನ್ 2009ರಲ್ಲಿ ಪ್ರಕಟವಾದ ಪರಿಷ್ಕೃತ ನಿಯಮಾವಳಿಯ (1.0-ಎ) ಪ್ರಕಾರ, ಒಪ್ಪಿಗೆ ಕೊಟ್ಟ ಕ್ಷಣದಲ್ಲಿ ಯಾರೂ ಊಹಿಸಲಾಗದ ಹೊಸ ಸಂಕೇತವೊಂದು ಹುಟ್ಟುತ್ತದೆ. ಅದು ಒಪ್ಪಿಗೆ ಕೊಟ್ಟವನ ಬ್ರೌಸರಿನ ಮೂಲಕವೇ ಪ್ರೋಗ್ರಾಮಿಗೆ ತಲುಪಬೇಕು. ಮೇಜಿನ ಪ್ರೋಗ್ರಾಮಾದರೆ ಪರದೆಯ ಮೇಲೆ ಕಾಣುವ ಸಂಖ್ಯೆಯನ್ನು ಅವನೇ ನೋಡಿ ಬರೆಯಬೇಕು. ಸಹಿ ಮಾಡಿದವನ ಕಿವಿಯಲ್ಲಿ ಗುಮಾಸ್ತರು ಒಂದು ಸಂಖ್ಯೆ ಉಸುರಿದಂತೆ. ಬರೀ ಟೋಕನ್ ಹಿಡಿದು ಬಂದವನಿಗೆ ಆ ಸಂಖ್ಯೆ ಗೊತ್ತಿಲ್ಲ. ಅವನು ಬರಿಗೈಯಲ್ಲಿ ಹಿಂದಿರುಗಬೇಕು. ಒಪ್ಪಿಗೆಯಾದ ಮೇಲೆ ಬಳಕೆದಾರನನ್ನು ಯಾವ ವಿಳಾಸಕ್ಕೆ ಕಳಿಸಬೇಕೆಂಬುದನ್ನೂ ಕೋರಿಕೆಯ ಮೊದಲ ಹಂತದಲ್ಲೇ, ಸಹಿಯೊಡನೆ, ಗೊತ್ತುಮಾಡಲಾಯಿತು.

ಬೀಟಾ ಎಂಬ ಪದ ತನ್ನ ಬೆಲೆ ತೋರಿದ್ದು ಇಲ್ಲಿ. ಹಳೆಯ ಬಾಗಿಲು ತೆರೆದೇ ಇದ್ದುದರಿಂದ ಬಹುಪಾಲು ಪ್ರೋಗ್ರಾಮುಗಳು ನಿಲ್ಲಲಿಲ್ಲ. ಆದರೆ ಹೊಸದನ್ನು ನಂಬಿ ಪೂರ್ತಿಯಾಗಿ ಅತ್ತ ಸರಿದವರು ಮಾತ್ರ ಬಾಗಿಲು ಮತ್ತೆ ತೆರೆಯುವವರೆಗೆ ಹೊರಗೇ ನಿಂತರು. ಪರೀಕ್ಷೆಗೆ ಮುಂದೆ ಬರುವವರು ಎಲ್ಲರ ಪರವಾಗಿ ಪೆಟ್ಟು ತಿನ್ನುತ್ತಾರೆ. ಅವರ ಹೆಸರುಗಳು ಇತಿಹಾಸದಲ್ಲಿ ಉಳಿಯುವುದಿಲ್ಲ.

ಹಳೆಯ ಬಾಗಿಲಿಗೆ ಬೀಗ

ಓಆತ್ ಮೊದಲ ಆವೃತ್ತಿ 2010ರ ಏಪ್ರಿಲಿನಲ್ಲಿ ಅಂತರ್ಜಾಲದ ಅಧಿಕೃತ ದಾಖಲೆಗಳ ಸಾಲಿಗೆ ಸೇರಿತು. ಬಳಿಕ ಟ್ವಿಟರ್ ಹಳೆಯ ಪದ್ಧತಿಗೆ ಗಡುವು ವಿಧಿಸಿತು. ಮೊದಲು ಜೂನ್ ಕೊನೆಯೆಂದು ಸಾರಿ, ಆಮೇಲೆ ಆಗಸ್ಟಿಗೆ ಮುಂದೂಡಿತು. ಒಮ್ಮೆಗೇ ಬೀಗ ಜಡಿಯದೆ, ಗಂಟೆಗೆ ಎಷ್ಟು ಸಲ ಬಾಗಿಲು ತಟ್ಟಬಹುದೆಂಬ ಮಿತಿಯನ್ನು ಆಗಸ್ಟಿನಲ್ಲಿ ದಿನದಿನಕ್ಕೂ ಇಳಿಸುತ್ತ ಬಂದಿತು. ಮಲಗಿದ್ದವರಿಗೂ ಎಚ್ಚರವಾಗಲಿ ಎಂಬ ಉಪಾಯ ಅದು. ಬ್ರೌಸರ್ ತೆರೆಯಲು ಕಷ್ಟವಿದ್ದ ಮೊಬೈಲ್ ಮತ್ತು ಮೇಜಿನ ಪ್ರೋಗ್ರಾಮುಗಳಿಗೆ, ಪಾಸ್‌ವರ್ಡನ್ನು ಒಂದೇ ಸಲ ಕೊಟ್ಟು ಟೋಕನ್ ಪಡೆಯುವ ರಿಯಾಯಿತಿಯೂ ಸಿಕ್ಕಿತ್ತು. ಪ್ರೋಗ್ರಾಮರುಗಳು ಪ್ರಳಯಕ್ಕೆ ಇಂಗ್ಲಿಷಿನಲ್ಲಿರುವ ಪದಕ್ಕೆ ಓಆತ್ ಸೇರಿಸಿ ಆ ದಿನಗಳನ್ನು ‘ಓಆತ್‌ಕಲಿಪ್ಸ್’ ಎಂದು ಗೇಲಿ ಮಾಡಿದರು. ಪ್ರಳಯವೇನೂ ಆಗಲಿಲ್ಲ. 2010ರ ಆಗಸ್ಟ್ 31ರಂದು ಹಳೆಯ ಬಾಗಿಲು ಶಾಶ್ವತವಾಗಿ ಮುಚ್ಚಿತು. ನಿರ್ವಹಿಸುವವರಿಲ್ಲದೆ ಬಿದ್ದಿದ್ದ ಪ್ರೋಗ್ರಾಮುಗಳು ಅಂದೇ ನಿಂತುಹೋದವು.

ಓಆತ್ ಕಥೆ ಅಲ್ಲಿಗೆ ಮುಗಿಯಲಿಲ್ಲ. ಗಣಿತದ ಸಹಿಯ ಗೋಜು ಬೇಡವೆಂದು ಸರಳಗೊಳಿಸಿದ ಎರಡನೆಯ ಆವೃತ್ತಿ 2012ರ ಅಕ್ಟೋಬರಿನಲ್ಲಿ ಪ್ರಕಟವಾಯಿತು. ಅದಕ್ಕೆ ಕೆಲವೇ ತಿಂಗಳು ಮೊದಲು ಎರಾನ್ ಹ್ಯಾಮರ್ ಗುಂಪಿನಿಂದ ಹೊರನಡೆದಿದ್ದರು. ದೊಡ್ಡ ಉದ್ದಿಮೆಗಳ ಅಗತ್ಯಗಳಿಗೆ ಬಾಗಿ ನಿಯಮಾವಳಿ ತನ್ನ ಬಿಗಿಯನ್ನು ಕಳೆದುಕೊಂಡಿತೆಂಬುದು ಅವರ ಆಕ್ಷೇಪ. ಆದರೂ ಜಗತ್ತು ಅಪ್ಪಿಕೊಂಡದ್ದು ಎರಡನೆಯದನ್ನೇ. ಅಂಕಪಟ್ಟಿ, ಚಾಲನಾ ಪರವಾನಗಿಗಳನ್ನು ಇಡಲು ಭಾರತ ಸರ್ಕಾರ 2015ರಲ್ಲಿ ಆರಂಭಿಸಿದ ಡಿಜಿಲಾಕರ್ ಕೂಡ, ಬೇರೆ ಸಂಸ್ಥೆಗಳಿಗೆ ನಾಗರಿಕರ ದಾಖಲೆ ತೋರಿಸಲು ಇದೇ ಪದ್ಧತಿಯಲ್ಲಿ ಒಪ್ಪಿಗೆ ಕೇಳುತ್ತದೆ.

ಒಪ್ಪಿಗೆಯ ಅಳತೆ

ಪಾಸ್‌ವರ್ಡ್ ಕೊಡುವುದು ತಪ್ಪಿತು. ಹಾಗೆಂದು ಮೋಸಹೋಗುವುದು ತಪ್ಪಿತೇ? 2017ರ ಮೇ 3ರಂದು ‘ಗೂಗಲ್ ಡಾಕ್ಸ್’ ಎಂಬ ಹೆಸರಿಟ್ಟುಕೊಂಡ ನಕಲಿ ಪ್ರೋಗ್ರಾಮೊಂದು ಇ-ಮೇಲ್ ಮೂಲಕ ಹರಡಿತು. ಕೊಂಡಿ ಒತ್ತಿದವರು ಬಂದು ನಿಂತದ್ದು ಗೂಗಲ್ಲಿನ ಅಸಲಿ ಒಪ್ಪಿಗೆ ಪುಟದಲ್ಲೇ. ‘ಅನುಮತಿ’ ಒತ್ತಿದೊಡನೆ ಅವರ ವಿಳಾಸ ಪುಸ್ತಕ ಕೈವಶವಾಗಿ ಅದೇ ಪತ್ರ ಮುಂದಿನವರಿಗೆ ಹೋಯಿತು. ಗೂಗಲ್ ಸುಮಾರು ಒಂದು ಗಂಟೆಯಲ್ಲಿ ಅದನ್ನು ತಡೆಯಿತು. ಅಲ್ಲಿ ಯಾರ ಪಾಸ್‌ವರ್ಡೂ ಕಳುವಾಗಿರಲಿಲ್ಲ. ಆದ್ದರಿಂದ ಪಾಸ್‌ವರ್ಡ್ ಬದಲಾಯಿಸಿದರೆ ಸಾಲುತ್ತಿರಲಿಲ್ಲ, ಕೊಟ್ಟ ಅನುಮತಿಯನ್ನು ಹಿಂಪಡೆಯಬೇಕಿತ್ತು.

2018ರಲ್ಲಿ ಹೊರಬಿದ್ದ ಕೇಂಬ್ರಿಜ್ ಅನಲಿಟಿಕಾ ಹಗರಣದ ಮೂಲವೂ ಒಪ್ಪಿಗೆಯ ಅಳತೆಯಲ್ಲಿತ್ತು. ಫೇಸ್‌ಬುಕ್ಕಿನಲ್ಲಿದ್ದ ವ್ಯಕ್ತಿತ್ವ ಪರೀಕ್ಷೆಯ ಪ್ರೋಗ್ರಾಮೊಂದಕ್ಕೆ ಒಪ್ಪಿಗೆ ಕೊಟ್ಟವರು ಸುಮಾರು ಮೂರು ಲಕ್ಷ. ಅಂದಿನ ನಿಯಮದಂತೆ ಅವರ ಗೆಳೆಯರ ವಿವರಗಳೂ ಅದಕ್ಕೆ ಸಿಕ್ಕವು. ಕೊನೆಗೆ 8.7 ಕೋಟಿಯಷ್ಟು ಜನರ ಮಾಹಿತಿ ಹೊರಹೋಗಿರಬಹುದೆಂದು ಫೇಸ್‌ಬುಕ್ ಹೇಳಿತು. ತಂತ್ರ ಸರಿಯಾಗಿಯೇ ಕೆಲಸ ಮಾಡಿತ್ತು. ಕೇಳಿದ ಅಧಿಕಾರ ಮಿತಿಮೀರಿತ್ತು.

ನಮ್ಮಲ್ಲಿ 2016ರಲ್ಲಿ ಬಂದ ಯುಪಿಐ ಪಾವತಿಯ ಹಿಂದೆ ಓಆತ್ ಇಲ್ಲ. ಆದರೆ ಗುಟ್ಟಿನ ಪಿನ್ ಅಂಗಡಿಯವನಿಗೆ ತಿಳಿಯಬಾರದೆಂಬ ವಿವೇಕ ಅದರಲ್ಲೂ ಇದೆ. 2009ರ ಬಿರುಕಿನ ನೆರಳೂ ಅಲ್ಲಿ ಕಾಣಿಸಿಕೊಂಡಿತು. ‘ನಿಮಗೆ ಹಣ ಕಳಿಸುತ್ತಿದ್ದೇನೆ, ಪಿನ್ ಒತ್ತಿ’ ಎಂದು ನಂಬಿಸಿ, ಹಣ ಕೇಳುವ ಕೋರಿಕೆಯನ್ನು ಕಳಿಸಿದ ವಂಚಕರಿಂದ ಎಷ್ಟೋ ಜನ ಹಣ ಕಳೆದುಕೊಂಡರು. ಪುಟ ಅಸಲಿ, ಪಿನ್ ಅಸಲಿ, ಒತ್ತಿದ ಬೆರಳೂ ಖಾತೆದಾರನದೇ. ವ್ಯವಹಾರವನ್ನು ಆರಂಭಿಸಿದವನು ಮಾತ್ರ ಬೇರೆ. ವ್ಯಕ್ತಿಯಿಂದ ವ್ಯಕ್ತಿಗೆ ಇಂಥ ಕೋರಿಕೆ ಕಳಿಸುವ ಸೌಲಭ್ಯವನ್ನು ರಾಷ್ಟ್ರೀಯ ಪಾವತಿ ನಿಗಮ ಕೊನೆಗೆ 2025ರ ಅಕ್ಟೋಬರಿನಿಂದ ನಿಲ್ಲಿಸಬೇಕಾಯಿತು.

ಒಪ್ಪಿಗೆ ಕೇಳುವ ಪುಟ ಅಸಲಿಯೇ ಎಂದು ನೋಡುವುದು ಅರ್ಧ ಎಚ್ಚರ. ಈ ವ್ಯವಹಾರವನ್ನು ಆರಂಭಿಸಿದವರು ಯಾರು, ಕೇಳುತ್ತಿರುವ ಅಧಿಕಾರ ಎಷ್ಟು ಎಂದು ನೋಡುವುದು ಉಳಿದರ್ಧ. ಮೊದಲನೆಯ ಪ್ರಶ್ನೆಯನ್ನು ಯಂತ್ರದಿಂದಲೇ ಕೇಳಿಸುವ ಉಪಾಯವನ್ನು 2009ರ ಆ ಬಿರುಕು ಕಲಿಸಿತು. ಎರಡನೆಯದನ್ನು ಕೇಳುವ ಹೊಣೆ ಇನ್ನೂ ಬಳಕೆದಾರನ ಮೇಲೆಯೇ ಇದೆ. ಗೂಗಲ್, ಫೇಸ್‌ಬುಕ್ ಮುಂತಾದ ಖಾತೆಗಳ ಸೆಟ್ಟಿಂಗ್ಸ್‌ನಲ್ಲಿ ಇಲ್ಲಿಯವರೆಗೆ ಅನುಮತಿ ಪಡೆದ ಪ್ರೋಗ್ರಾಮುಗಳ ಪಟ್ಟಿ ಇರುತ್ತದೆ. ಪ್ರತಿಯೊಂದರ ಮುಂದೆಯೂ ಅದನ್ನು ತೆಗೆದುಹಾಕುವ ಅವಕಾಶವಿರುತ್ತದೆ. ಕೊಟ್ಟ ಕೀಲಿಯನ್ನು ಹಿಂದಕ್ಕೆ ಪಡೆಯುವ ಈ ಹಕ್ಕು 2006ರ ಟ್ವಿಟರ್ ಬಳಕೆದಾರನಿಗೆ ಇರಲಿಲ್ಲ. ಎಂದೋ ಮರೆತ ಆಟಕ್ಕೆ, ಒಮ್ಮೆ ಮಾತ್ರ ಬಳಸಿದ ಸೌಕರ್ಯಕ್ಕೆ ಕೊಟ್ಟ ಟೋಕನ್ನುಗಳು ಆ ಪಟ್ಟಿಯಲ್ಲಿ ಇನ್ನೂ ಜೀವಂತವಾಗಿರುವುದು ಸಾಮಾನ್ಯ. ವರ್ಷಕ್ಕೊಮ್ಮೆ ಅಟ್ಟ ಗುಡಿಸುವವರು ಅದೇ ದಿನ ಈ ಪಟ್ಟಿಯನ್ನೂ ಗುಡಿಸಿದರೆ ಒಳ್ಳೆಯದು.